ಸಣ್ಣ ಗೇಮಿಗೆ ಅಂಕ ಹೆಂಗ ಹಾಕಬೇಕು?

ಹತ್ತಕ್ಕ ಏಳು ಅಂದ್ರ ವಿಮರ್ಶೆ ಮುಗೀಲಿಲ್ಲ. ಆ ಏಳು ಎಲ್ಲಿಂದ ಬಂತು, ಅದನ್ನ ಹೇಳಬೇಕು.

ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಮಾಡಿದ ‘ರಾಜಿ’ ಗೇಮನ್ನ ಉದಾಹರಣೆಗೆ ತಗೊಳ್ರಿ. 2020ರ ಆಗಸ್ಟ್‌ನಾಗ ಮೊದಲು ನಿಂಟೆಂಡೊ ಸ್ವಿಚ್‌ಗೆ ಬಂತು. ಅದೇ ವರ್ಷ ದಿ ಗೇಮ್ ಅವಾರ್ಡ್ಸ್‌ನಾಗ ಅತ್ಯುತ್ತಮ ಚೊಚ್ಚಲ ಗೇಮ್ ವಿಭಾಗಕ್ಕ ನಾಮನಿರ್ದೇಶನ ಆತು.

ನೋಟ: ನಮ್ಮ ತೊಗಲುಗೊಂಬೆ ಆಟದಂಗ ನೆರಳುಗೊಂಬೆಯಾಗ ಕಥಿ ಹೇಳ್ಯಾರ. ಇಲ್ಲಿ ಧಾರಾಳವಾಗಿ ಅಂಕ ಕೊಡ್ರಿ.

ಆಟ: ಕಂಬ ಸುತ್ತಿ, ಗ್ವಾಡಿ ಏರಿ ಹೊಡಿಯೋದು ಭಾಳ ಛಂದ. ಆದ್ರ ಕಾಳಗ ಹೊಳ್ಳಿ ಹೊಳ್ಳಿ ಅದೇ ಅನಸ್ತದ. ಅಲ್ಲಿ ಅಂಕ ಕಡಿರಿ.

ಉದ್ದ: ಸುಮಾರು ಐದಾರು ತಾಸಿನಾಗ ಮುಗೀತದ. ಸಣ್ಣದಿರೋದು ತಪ್ಪಲ್ಲ. ಕೊಟ್ಟ ರೊಕ್ಕಕ್ಕ ತಕ್ಕಂಗ ಅದನೋ ಇಲ್ಲೋ, ಅದನ್ನ ನೋಡ್ರಿ.

ವಿಮರ್ಶಕರ ಅಂಕ ಒಟ್ಟುಗೂಡಿಸೋ ವೆಬ್‌ಸೈಟ್ ಮೆಟಾಕ್ರಿಟಿಕ್‌ನಾಗ ಒಟ್ಟು ಅಂಕ ಕಾಣಬೇಕಂದ್ರ ವಿಮರ್ಶಕರ ಕನಿಷ್ಠ 4 ವಿಮರ್ಶೆ ಬೇಕು. ಎಷ್ಟೋ ಸಣ್ಣ ಗೇಮಿಗೆ ಅಷ್ಟೂ ಸಿಗಂಗಿಲ್ಲ. ಅಂಥ ಗೇಮ್ ಜನರಿಗೆ ಮುಟ್ಟೋದು ಆಡಿದವರ ಮಾತಿನಿಂದಲೇ.

ಅದಕ್ಕ ತೆಂಗಳಿ, ಸೇಡಂ, ವಾಡಿ, ಚಿಂಚೋಳಿ ಗೆಳೆಯರೇ, ಗೆಳತಿಯರೇ, ಪೂರ್ತಿ ಆಡ್ರಿ, ಕಾರಣ ಹೇಳಿ ಅಂಕ ಹಾಕ್ರಿ, ಕನ್ನಡದಾಗೇ ಹೇಳ್ರಿ!