ಈಜುಗಾತಿಯೂ ನೀರಿನ ತಡೆಯೂ

ಶಿವಮೊಗ್ಗದ ತುಂಗೆಯಲ್ಲಾಗಲಿ ಭದ್ರಾವತಿಯ ಭದ್ರೆಯಲ್ಲಾಗಲಿ ಸೊಂಟಮಟ್ಟದ ನೀರಿನಲ್ಲಿ ಓಡಲು ಯತ್ನಿಸಿದವರಿಗೆ ನೀರಿನ ತಡೆ ಎಂತಹುದೆಂಬುದು ವಿದಿತವೇ ಆಗಿದೆ. ನೀರಿನ ಸಾಂದ್ರತೆ ಗಾಳಿಯದಕ್ಕಿಂತ ಸುಮಾರು 800 ಪಟ್ಟು ಹೆಚ್ಚು. ಈಜುವವರ ವೇಗ ಇಮ್ಮಡಿಯಾದರೆ ಈ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಅದನ್ನು ಮೀರಲು ಬೇಕಾಗುವ ಸಾಮರ್ಥ್ಯವಾದರೋ ಎಂಟುಮಡಿಯಾಗುತ್ತದೆ. ಎಂದರೆ, ಸಾಮರ್ಥ್ಯವು ವೇಗದ ಘನವನ್ನು ಅನುಸರಿಸುತ್ತದೆ.

2024ರ ಪ್ಯಾರಿಸ್ ಒಲಿಂಪಿಕ್ ಕ್ರೀಡೆಗಳಲ್ಲಿ ಬೆಂಗಳೂರಿನ 14 ವರ್ಷದ ಬಾಲಕಿ ಧಿನಿಧಿ ದೇಸಿಂಗು 200 ಮೀಟರ್ ಫ್ರೀಸ್ಟೈಲ್ ಸ್ಪರ್ಧೆಯ ಮೊದಲ ಸುತ್ತಿನಲ್ಲಿ 2 ನಿಮಿಷ 6.96 ಸೆಕೆಂಡುಗಳಲ್ಲಿ ಗುರಿ ಮುಟ್ಟಿ 23ನೆಯ ಸ್ಥಾನ ಪಡೆದಳು. ಅಂತಿಮ ಸುತ್ತಿನಲ್ಲಿ ಚಿನ್ನ ಗೆದ್ದ ಆಸ್ಟ್ರೇಲಿಯದ ಮಾಲಿ ಓ’ಕ್ಯಾಲಹನ್ ತೆಗೆದುಕೊಂಡ ಕಾಲ 1 ನಿಮಿಷ 53.27 ಸೆಕೆಂಡು. ವೇಗದ ವ್ಯತ್ಯಾಸ ಸುಮಾರು ಶೇಕಡ 12 ಮಾತ್ರ. ಆದರೆ 1.12ರ ಘನ 1.40! ಮೈಯ ಆಕಾರವೂ ಭಂಗಿಯೂ ಮೊದಲಿನಂತೆಯೇ ಉಳಿದಲ್ಲಿ, ಈ ಅಂತರವನ್ನು ತುಂಬಲು ಸ್ನಾಯುಗಳು ಶೇಕಡ 40ರಷ್ಟು ಹೆಚ್ಚಿನ ಸಾಮರ್ಥ್ಯವನ್ನು ಒದಗಿಸಬೇಕು.

ಹಾಗಾದರೆ ಎಳೆಯ ಈಜುಗಾತಿಗೆ ಬೇರೆ ದಾರಿಯಿಲ್ಲವೆ? ಉಂಟು. ತಲೆ ತಗ್ಗಿಸಿ, ಸೊಂಟವನ್ನು ನೀರಿನ ಮೇಲ್ಮೈಯ ಬಳಿ ಇರಿಸಿ, ದೇಹವನ್ನು ನೀಳವಾಗಿ ಚಾಚಿದರೆ ತಡೆ ಕುಗ್ಗುತ್ತದೆ. ಅದು ಶೇಕಡ 10ರಷ್ಟು ಇಳಿದರೂ ಅದೇ ಸಾಮರ್ಥ್ಯದಿಂದ ವೇಗ ಸುಮಾರು ಶೇಕಡ 3.5ರಷ್ಟು ಏರುವುದು, ಧಿನಿಧಿಯ ಕಾಲದಲ್ಲಿ ನಾಲ್ಕು ಸೆಕೆಂಡಿಗೂ ಹೆಚ್ಚು ಉಳಿಯುವುದು.

ಈಜುಬಲ್ಲ ಓದುಗರು ಶಿಕ್ಷಕರ ಸಮ್ಮುಖದಲ್ಲಿ ಕೊಳದ ಗೋಡೆಯನ್ನು ಕಾಲಿನಿಂದ ಒದ್ದು, ಒಮ್ಮೆ ತಲೆಯೆತ್ತಿಯೂ ಒಮ್ಮೆ ತಗ್ಗಿಸಿಯೂ ಜಾರಿ, ಸಾಗಿದ ದೂರಗಳನ್ನು ಅಳೆದು ನೋಡಬಹುದು.