ಡೈರಿಗೆ ಹಾಲು ಒಯ್ಯುವ ಹಿರಿಯರಿಗೆ ಮರೆವು ಬಂದರೆ



ದನದ ಡಾಕ್ಟರು ಮನುಷ್ಯರ ಕಾಯಿಲೆ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಕಾರಣ ಕೊಟ್ಟಿಗೆಯಲ್ಲೇ ಇದೆ. ಹಸು ಮೇವು ಬಿಟ್ಟಿದೆ, ಮೆಲುಕು ಹಾಕುತ್ತಿಲ್ಲ, ಭೇದಿ ಆಗುತ್ತಿದೆ ಎಂದು ಕರೆ ಬರುತ್ತದೆ. ಹೋಗಿ ವಿಚಾರಿಸಿದರೆ ಕೆಲವು ಮನೆಗಳಲ್ಲಿ ಒಂದೇ ಹೊತ್ತಿಗೆ ಎರಡು ಸಲ ಹಿಂಡಿ ಬಿದ್ದಿರುತ್ತದೆ. ಮನೆಯ ಹಿರಿಯರು ಕೊಟ್ಟದ್ದನ್ನು ಮರೆತು ಮತ್ತೆ ಕೊಟ್ಟಿರುತ್ತಾರೆ. ಹಸುವಿನ ಹೊಟ್ಟೆಯಲ್ಲಿ ಹುಳಿ ಹೆಚ್ಚಿದರೆ ಅದಕ್ಕೆ ಔಷಧ ಕೊಡಬಹುದು. ಆದರೆ ಅದೇ ಹಿರಿಯರು ಆಮೇಲೆ ಟಿವಿಎಸ್ ಎಕ್ಸ್‌ಎಲ್‌ಗೆ ಕ್ಯಾನು ಕಟ್ಟಿಕೊಂಡು ಡೈರಿಗೆ ಹೊರಡುತ್ತಾರಲ್ಲ, ನನಗೆ ಭಯ ಅದರದ್ದು.

ಒಂದು ದಿನದ ಮರೆವು ಯಾರಿಗಾದರೂ ಇದ್ದದ್ದೇ. ಆದರೆ ನಲವತ್ತು ವರ್ಷ ಓಡಾಡಿದ ದಾರಿಯಲ್ಲೇ ತಪ್ಪು ತಿರುವು ತೆಗೆದುಕೊಳ್ಳುವುದು, ಕ್ಯಾನು ಡೈರಿಯಲ್ಲೇ ಬಿಟ್ಟು ಬರುವುದು, ಗಾಡಿಯಲ್ಲಿ ಹೊಸ ಹೊಸ ಗೀಚು, ಹಂಪ್ ಕಾಣದೆ ಹಾರಿಸುವುದು, ಇವು ಪದೇ ಪದೇ ಆದರೆ ಎಚ್ಚರವಾಗಬೇಕು. ನಮ್ಮ ರಸ್ತೆಗಳೂ ಹಿಂದಿನಂತಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ ಕಡೆ ಹೆದ್ದಾರಿ ಪಕ್ಕದ ಊರುಗಳವರು ಟಿಪ್ಪರ್‌ಗಳ ನಡುವೆ ದಾಟಬೇಕು. ನೆಲಮಂಗಲದವರಿಗೆ ತುಮಕೂರು ರಸ್ತೆ ಇದೆ. ಬೆಳಗಿನ ಹಾಲಿನ ಹೊತ್ತಿಗೆ ಚಳಿಗಾಲದಲ್ಲಿ ಮಂಜು ಬೇರೆ.

ಅರವತ್ತಕ್ಕೆ ಅರಳು ಮರಳು ಎಂದು ಸುಮ್ಮನಾಗಬೇಡಿ. ಮರೆಗುಳಿತನ ವಯಸ್ಸಿನ ಸಹಜ ಗುಣವಲ್ಲ, ಮೆದುಳಿನ ಕಾಯಿಲೆ. ಥೈರಾಯ್ಡ್ ತೊಂದರೆ, ಬಿ12 ಕೊರತೆ, ಖಿನ್ನತೆಯಿಂದಲೂ ಮರೆವು ಬರುತ್ತದೆ; ಅವಕ್ಕೆ ಚಿಕಿತ್ಸೆ ಇದೆ. ಹಾಗಾಗಿ ಮೊದಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಕಣ್ಣನ್ನೂ ತೋರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ತಜ್ಞರಿದ್ದಾರೆ. ಎಲ್ಲಿಗೆ ಹೋಗುವುದೆಂದು ತಿಳಿಯದಿದ್ದರೆ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ, ಕನ್ನಡದಲ್ಲೇ ಮಾತಾಡುತ್ತಾರೆ.

ಗಾಡಿ ಬಿಡಿಸುವುದು ಕಷ್ಟದ ಕೆಲಸ. "ಅಪ್ಪಾ, ಇನ್ಮೇಲೆ ನೀನು ಗಾಡಿ ಮುಟ್ಟಬೇಡ" ಎಂದು ಮಗ ಹೇಳಿದರೆ ಜಗಳವಾಗುತ್ತದೆ. ಜಗಳ ಮರೆತುಹೋಗುತ್ತದೆ, ನಾಳೆ ಮತ್ತೆ ಅದೇ ಜಗಳ. ತನಗೆ ಕಾಯಿಲೆ ಇದೆ ಎಂಬುದೇ ಅನೇಕರಿಗೆ ತಿಳಿಯುವುದಿಲ್ಲ, ಹಟ ಅಂದುಕೊಳ್ಳಬೇಡಿ. ಗಾಡಿ ಓಡಿಸಬಾರದು ಎಂದು ಡಾಕ್ಟರ ಕೈಯಲ್ಲೇ ಚೀಟಿಯಲ್ಲಿ ಬರೆಸಿಕೊಳ್ಳಿ. ಕೇಳಿದಾಗಲೆಲ್ಲ ಅದನ್ನು ತೋರಿಸಿ. ಬೇಡ ಎಂದದ್ದು ಡಾಕ್ಟರು, ಮಗನಲ್ಲ. ಕೀಲಿಯನ್ನು ಹಳೇ ಮೊಳೆಗೆ ತೂಗುಹಾಕಬೇಡಿ. ಗಾಡಿಯನ್ನೇ ಕಣ್ಣಿಗೆ ಬೀಳದಂತೆ ನೆಂಟರ ಮನೆಯಲ್ಲಿ ನಿಲ್ಲಿಸಿದರೆ ಇನ್ನೂ ಒಳ್ಳೆಯದು. ರಿಪೇರಿಗೆ ಹೋಗಿದೆ ಎಂದು ಸುಳ್ಳು ಹೇಳಬೇಕಾಗಿ ಬಂದರೆ ಹೇಳಿ, ನನಗದು ತಪ್ಪು ಅನ್ನಿಸುವುದಿಲ್ಲ. ಟ್ರ್ಯಾಕ್ಟರ್, ಮೇವು ಕತ್ತರಿಸುವ ಯಂತ್ರಕ್ಕೂ ಇದೇ ಮಾತು.

ಅದಕ್ಕಿಂತ ಮುಖ್ಯವಾಗಿ, ಅವರು ಗಾಡಿ ಹತ್ತುವುದು ಹಾಲಿಗಾಗಿ. ಹಾಲು ಕರೆದು ಮುಗಿದ ಕೂಡಲೇ ಅವರಿಗೆ ಚಡಪಡಿಕೆ ಶುರುವಾಗುತ್ತದೆ. ಹಾಗಾಗಿ ಎರಡು ಹೊತ್ತೂ ಕ್ಯಾನು ಯಾರು ಒಯ್ಯಬೇಕೆಂದು ಮೊದಲೇ ಗೊತ್ತುಮಾಡಿ. ಪಕ್ಕದ ಮನೆಯವರ ಜೊತೆ ಸರದಿ ಹಾಕಿಕೊಳ್ಳಬಹುದು. ಡೈರಿ ಹತ್ತಿರವಿದ್ದರೆ ಮೊಮ್ಮಗನ ಜೊತೆ ನಡೆದುಕೊಂಡೇ ಹೋಗಿ ಬರಲಿ, ಪಾಸ್‌ಬುಕ್ಕು ಅವರ ಕೈಯಲ್ಲೇ ಇರಲಿ. ಸಂಘದ ಸದಸ್ಯತ್ವ ಅವರ ಹೆಸರಿನಲ್ಲಿದ್ದರೆ ಅದನ್ನು ಈಗಲೇ ಬದಲಾಯಿಸುವ ಅವಸರ ಬೇಡ.

ಕಾನೂನೂ ತಿಳಿದಿರಲಿ. 55 ವರ್ಷ ದಾಟಿದವರ ಡಿಎಲ್ಲನ್ನು 5 ವರ್ಷಕ್ಕೊಮ್ಮೆ ಡಾಕ್ಟರ ಸರ್ಟಿಫಿಕೇಟ್ ಕೊಟ್ಟು ನವೀಕರಿಸಬೇಕು. ಮರೆಗುಳಿತನ ಇರುವವರಿಗೆ ಆ ಸರ್ಟಿಫಿಕೇಟನ್ನು ಹೇಗೋ ಮಾಡಿಸಿ ತರಬೇಡಿ. ಕಾಯಿಲೆಯಿಂದ ಓಡಿಸಲಾಗದವರ ಡಿಎಲ್ಲನ್ನು ರದ್ದು ಮಾಡುವ ಅಧಿಕಾರ 1988ರ ಮೋಟಾರು ವಾಹನ ಕಾಯ್ದೆಯ 16ನೇ ಕಲಮಿನಲ್ಲಿ ಆರ್‌ಟಿಒಗೆ ಇದೆ. ಡಿಎಲ್ ಇಲ್ಲದವರು ಓಡಿಸಿ ಅಪಘಾತವಾದರೆ, ವಿಮಾ ಕಂಪನಿ ಕಟ್ಟಿದ ಪರಿಹಾರವನ್ನು ಗಾಡಿ ಮಾಲೀಕರಿಂದಲೇ ವಸೂಲಿ ಮಾಡಲು ಅವಕಾಶವಿದೆ.

ಸಂಘದ ಕಾರ್ಯದರ್ಶಿಗಳಲ್ಲಿ ಒಂದು ಮನವಿ. ಅಂಥ ಹಿರಿಯರು ಗಾಡಿಯಲ್ಲಿ ಬಂದರೆ ಸಾಲಿನಲ್ಲಿ ನಾಲ್ಕು ಜನರ ಮುಂದೆ ಹೇಳಬೇಡಿ. ಕೂರಿಸಿ ಕಾಫಿ ಕೊಡಿ, ಮನೆಗೆ ಫೋನ್ ಮಾಡಿ. ಯಾರಾದರೂ ಬಂದು ಗಾಡಿ ತೆಗೆದುಕೊಂಡು ಹೋಗಲಿ.