ನಿಂತಲ್ಲೇ ಓಡುವ ಸೈಕಲ್ಲು

ಬಿಡದೆ ಮಳೆ ಸುರಿಯುವಾಗ ಸೈಕಲ್ ಸವಾರಿಯ ಅಭ್ಯಾಸಕ್ಕೆ ಅಡ್ಡಿಯುಂಟಾಗುವುದು ಸಹಜ. ಅಂತಹ ದಿನಗಳಲ್ಲಿ ಮನೆಯೊಳಗೇ ಸವಾರಿ ಮಾಡಲು ನೆರವಾಗುವ ಸಾಧನವೇ ‘ಟ್ರೈನರ್’. ಇದರ ಉಕ್ಕಿನ ಚೌಕಟ್ಟು ಸೈಕಲ್ಲಿನ ಹಿಂದಿನ ಅಚ್ಚನ್ನು ಎರಡೂ ಬದಿಗಳಿಂದ ಬಿಗಿಯಾಗಿ ಹಿಡಿಯುತ್ತದೆ. ನೆಲದಿಂದ ಮೇಲೆದ್ದ ಹಿಂದಿನ ಚಕ್ರವು ಒಂದು ಸಣ್ಣ ಉರುಳೆಗೆ ಒತ್ತಿಕೊಂಡು ತಿರುಗುತ್ತದೆ.

ರಸ್ತೆಯಲ್ಲಿ ಸವಾರನು ಎದುರುಗಾಳಿಯೊಡನೆ ಸೆಣಸಬೇಕು. ಮನೆಯೊಳಗೆ ಆ ಪ್ರತಿರೋಧವನ್ನು ಕೃತಕವಾಗಿ ಉಂಟುಮಾಡಬೇಕಾಗುತ್ತದೆ. ಕೆಲವು ಟ್ರೈನರುಗಳಲ್ಲಿ ಉರುಳೆಯೊಡನೆ ಲೋಹದ ಬಿಲ್ಲೆಯೊಂದು ಆಯಸ್ಕಾಂತಗಳ ಸಮೀಪದಲ್ಲಿ ಸುತ್ತುತ್ತದೆ. ಆಗ ಬಿಲ್ಲೆಯಲ್ಲಿ ಸುಳಿ ವಿದ್ಯುತ್ ಪ್ರವಾಹಗಳು ಹುಟ್ಟಿ, ಅದರ ಚಲನೆಯನ್ನೇ ತಡೆಯುತ್ತವೆ.

ಜೋಡಣೆಯಲ್ಲಿ ಹದವೇ ಮುಖ್ಯ. ಮೊದಲು ಟೈರಿನ ಮೇಲೆ ನಮೂದಿಸಿರುವ ಮಿತಿಯೊಳಗೆ ಗಾಳಿ ತುಂಬಿ, ಬಳಿಕ ಉರುಳೆಯನ್ನು ಅದಕ್ಕೆ ಒತ್ತಿ ನಿಲ್ಲಿಸಬೇಕು. ಒತ್ತಡ ಕಡಿಮೆಯಾದರೆ ಚಕ್ರ ಜಾರುತ್ತದೆ. ಹೆಚ್ಚಾದರೆ ಟೈರು ಬಿಸಿಯಾಗಿ ಬೇಗ ಸವೆಯುತ್ತದೆ. ಮುಂದಿನ ಚಕ್ರದಡಿಯಲ್ಲಿ ಗಟ್ಟಿಯಾದ ಆಧಾರವನ್ನಿಟ್ಟು ಸೈಕಲ್ಲನ್ನು ಸಮಮಟ್ಟಕ್ಕೆ ತರಬೇಕು. ಇಲ್ಲವಾದರೆ ದೇಹದ ಭಾರವು ಕೈಗಳ ಮೇಲೆ ಬೀಳುತ್ತದೆ. ಪೆಡಲು ಕೆಳತುದಿಯಲ್ಲಿರುವಾಗ ಮೊಣಕಾಲು ಸುಮಾರು 25ರಿಂದ 35 ಡಿಗ್ರಿಯಷ್ಟು ಬಾಗಿರುವಂತೆ ಆಸನದ ಎತ್ತರವನ್ನು ಹೊಂದಿಸಬೇಕು.

ಇಷ್ಟಾದರೂ ಒಂದು ಕೊರತೆ ಉಳಿಯುತ್ತದೆ. ರಸ್ತೆಯಲ್ಲಿ ಎದುರಿನಿಂದ ಬೀಸುವ ಗಾಳಿಯು ಬೆವರನ್ನು ಆವಿಯಾಗಿಸಿ ಮೈಯನ್ನು ತಂಪಾಗಿಡುತ್ತದೆ. ನಿಂತ ಸೈಕಲ್ಲಿನ ಸವಾರನಿಗೆ ಆ ಗಾಳಿಯಿಲ್ಲ. ದೇಹದ ಉಷ್ಣತೆಯೇರಿ ಬಳಲಿಕೆ, ತಲೆಸುತ್ತು ಉಂಟಾಗಬಹುದು. ಆದುದರಿಂದ ಕಿಟಕಿಗಳನ್ನು ತೆರೆದು, ಎದುರಿಗೆ ಫ್ಯಾನನ್ನಿರಿಸಿ, ಕೈಗೆಟಕುವಂತೆ ನೀರಿಟ್ಟುಕೊಳ್ಳಬೇಕು. ದಾರಿಗೆ ಅಡ್ಡಿಯೆನಿಸುತ್ತಿದ್ದ ಎದುರುಗಾಳಿಯು ದೇಹಕ್ಕೆ ಆಸರೆಯೂ ಆಗಿತ್ತೆಂಬುದು ಸವಾರನಿಗೆ ಮನೆಯೊಳಗೆ ಕುಳಿತಾಗಲೇ ಅರಿವಾಗುತ್ತದೆ.